ಹಿಂದೀ ಚಿತ್ರರಂಗದ ಕಟು ಲೇಖನಿ

ಸಂಜೆಯ ಹೊತ್ತು ವೈಟ್‌ಫೀಲ್ಡಿನಿಂದಲೋ ಎಲೆಕ್ಟ್ರಾನಿಕ್ ಸಿಟಿಯಿಂದಲೋ ಮನೆಗೆ ಹೊರಟು, ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡ ನಮ್ಮ ತರುಣ ತರುಣಿಯರು ಬೇಸರ ಕಳೆಯಲು ಹಳೆಯ ಹಿಂದೀ ಹಾಡುಗಳನ್ನು ಕೇಳುವುದುಂಟು. ಹಾಡು ಮುಗಿದೊಡನೆ ಕುತೂಹಲ ಕೆರಳುತ್ತದೆ. ಇದು ಯಾವ ಚಿತ್ರ? ಸಂಗೀತ ಯಾರದು? ಯಾವ ವರುಷ ತೆರೆಕಂಡಿತು? ಕೈಯಲ್ಲಿರುವ ಫೋನು ಕ್ಷಣಾರ್ಧದಲ್ಲಿ ಉತ್ತರ ಹೇಳಿಬಿಡುತ್ತದೆ. ಆದರೆ ಈ ಉತ್ತರವನ್ನು ಮೊಟ್ಟಮೊದಲು ಕಾಗದದ ಮೇಲೆ ಬರೆದಿಟ್ಟ ಪುಣ್ಯಾತ್ಮರು ಯಾರು ಎಂದು ಕೇಳುವವರು ಮಾತ್ರ ವಿರಳ.

ಹಾಗೆ ಬರೆದಿಟ್ಟವರ ಪೈಕಿ ಮೊದಲ ಸಾಲಿನಲ್ಲಿ ನಿಲ್ಲುವವರು ಮುಂಬಯಿಯ ಬಾಬೂರಾವ್ ಪಟೇಲರು. ಅವರನ್ನು ಯಾರಾದರೂ ಎದುರಿಗೇ ‘ಇತಿಹಾಸಕಾರ’ ಎಂದು ಕರೆದಿದ್ದರೆ ಬಹುಶಃ ಅವರೇ ಗಹಗಹಿಸಿ ನಗುತ್ತಿದ್ದರು. ತಾವು ಬರೆಯುತ್ತಿರುವುದು ಈ ತಿಂಗಳ ಸಂಚಿಕೆ, ಮುಂದಿನ ತಿಂಗಳು ಅದು ರದ್ದಿಗೆ ಹೋಗುವಂಥದು ಎಂಬ ಭಾವನೆಯಿಂದಲೇ ಅವರು ಬರೆದರು. ಆದರೂ 1935ರಿಂದ ಇಪ್ಪತ್ತೈದು ವರುಷಗಳ ಹಿಂದೀ ಚಿತ್ರಗಳ ಚರಿತ್ರೆಯನ್ನು ಬರೆಯಹೊರಟವರಾರೂ ಅವರ ಪತ್ರಿಕೆಯ ಪುಟಗಳನ್ನು ಮಗುಚದೆ ಮುಂದಡಿಯಿಡಲಾರರು.

ಬಾಬೂರಾವ್ ಹುಟ್ಟಿದ್ದು 1904ರಲ್ಲಿ. ಮೂಕಿಚಿತ್ರಗಳ ಕಾಲದಲ್ಲಿಯೇ ಚಿತ್ರರಂಗದ ಹೊಸ್ತಿಲನ್ನು ತುಳಿದವರು, ಕೆಲವು ಚಿತ್ರಗಳನ್ನು ತಾವೇ ನಿರ್ದೇಶಿಸಿದವರು. ಆ ಚಿತ್ರಗಳಿಂದ ಅವರಿಗೆ ಹೆಸರೇನೂ ಬರಲಿಲ್ಲ. ಹೆಸರು ಬಂದದ್ದು 1935ರ ಏಪ್ರಿಲ್‌ನಲ್ಲಿ ‘ಫಿಲ್ಮ್ ಇಂಡಿಯಾ’ ಎಂಬ ಇಂಗ್ಲಿಷ್ ಮಾಸಪತ್ರಿಕೆ ಪ್ರಾರಂಭವಾದ ಮೇಲೆ. ಚಿತ್ರಕ್ಕೆ ಮಾತು ಬಂದು ಆಗಿನ್ನೂ ನಾಲ್ಕೇ ವರುಷ. ‘ಆಲಂ ಆರಾ’ ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡದ್ದು 1931ರ ಮಾರ್ಚ್ 14ರಂದು. ಸಿನಿಮಾ ನೋಡುವುದು ಮನೆಯ ಹಿರಿಯರಿಂದ ಬೈಗುಳ ತಿನ್ನಲು ಸಾಕಷ್ಟು ಕಾರಣವಾಗಿದ್ದ ದಿನಗಳವು. ಅಂಥ ಕಾಲದಲ್ಲಿ ನಯವಾದ ಕಾಗದ, ಬಣ್ಣದ ಮುಖಪುಟ, ಪುಟ ತುಂಬುವ ಛಾಯಾಚಿತ್ರಗಳು, ಓದಿದರೆ ಮೈ ಉರಿಯುವಂಥ ಅಥವಾ ಹೊಟ್ಟೆ ಹುಣ್ಣಾಗುವಂತೆ ನಗಿಸುವಂಥ ಇಂಗ್ಲಿಷ್, ಇಷ್ಟನ್ನೂ ಕೂಡಿಸಿಕೊಂಡು ಒಂದು ಪತ್ರಿಕೆ ಹೊರಬಂದರೆ ಕೇಳಬೇಕೆ! ನಟ ದೇವ್ ಆನಂದರು, ಲಾಹೋರಿನ ಕಾಲೇಜಿನಲ್ಲಿದ್ದಾಗ ತಮಗೂ ತಮ್ಮ ಸಹಪಾಠಿಗಳಿಗೂ ಬಾಬೂರಾಯರ ಹೆಸರೆಂದರೆ ಮಂತ್ರದಂತಿತ್ತೆಂದು ಮುಂದೆ ನೆನೆದುಕೊಂಡಿದ್ದಾರೆ.

ಪತ್ರಿಕೆಯಲ್ಲಿ ಜನ ಮೊದಲು ತೆರೆಯುತ್ತಿದ್ದುದು ಸಂಪಾದಕರಿಗೆ ಬಂದ ಪತ್ರಗಳ ಪುಟವನ್ನು. ಊರೂರುಗಳಿಂದ ಓದುಗರು ಪ್ರಶ್ನೆ ಕೇಳುವರು. ತಾರೆಯರ ವಯಸ್ಸಿನಿಂದ ಹಿಡಿದು ದೇವರ ಅಸ್ತಿತ್ವದವರೆಗೆ ಯಾವ ವಿಷಯಕ್ಕೂ ನಿಷೇಧವಿಲ್ಲ. ಬಾಬೂರಾಯರು ಎರಡು ಸಾಲಿನಲ್ಲಿ ಉತ್ತರ ಕೊಡುವರು, ಆ ಎರಡು ಸಾಲಿನಲ್ಲಿ ಒಂದಾದರೂ ಚಿವುಟುತ್ತಿತ್ತು. ‘ಜೂಡಾಸ್’ ಎಂಬ ಗುಪ್ತನಾಮದಿಂದ ಬರುತ್ತಿದ್ದ ಮುಂಬಯಿ ವಾರ್ತೆಗಳ ಅಂಕಣವನ್ನು ನಿರ್ಮಾಪಕರು ಎದೆ ಹಿಡಿದುಕೊಂಡು ಓದುತ್ತಿದ್ದರಂತೆ.

ಇಷ್ಟರಿಂದ ಅದು ಕೇವಲ ಹರಟೆಯ ಪತ್ರಿಕೆಯೆಂದು ತಿಳಿಯಬಾರದು. ಭಾರತೀಯರನ್ನು ಹೀನಾಯವಾಗಿ ತೋರಿಸಿದ ‘ದಿ ಡ್ರಮ್’ (1938), ‘ಗಂಗಾ ದೀನ್’ (1939) ಎಂಬ ವಿದೇಶೀ ಚಿತ್ರಗಳ ವಿರುದ್ಧ ‘ಫಿಲ್ಮ್ ಇಂಡಿಯಾ’ ಕಹಳೆಯೂದಿತು. ಪರಕೀಯರ ಆಳ್ವಿಕೆಯಲ್ಲಿ ಅದೇನು ಸಣ್ಣ ಧೈರ್ಯವಲ್ಲ. ಗಾಂಧೀಜಿಯವರಿಗೆ ಸಿನಿಮಾ ಎಂದರೆ ಆಗದು ಎಂಬುದು ಎಲ್ಲರೂ ಬಲ್ಲ ಸಂಗತಿ. 1939ರ ಅಕ್ಟೋಬರ್ ಸಂಚಿಕೆಯಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸರು ಮಹಾತ್ಮರಿಗೆ ಒಂದು ಬಹಿರಂಗ ಪತ್ರ ಬರೆದು, ಮಗನು ತಂದೆಯನ್ನು ಬೇಡಿಕೊಳ್ಳುವಂತೆ, ಈ ಹೊಸ ಕಲೆಯನ್ನು ದುರ್ವ್ಯಸನಗಳ ಪಟ್ಟಿಯಲ್ಲಿ ಸೇರಿಸಬಾರದೆಂದು ಪ್ರಾರ್ಥಿಸಿದರು. ಆ ಪತ್ರ ಅಚ್ಚಾದದ್ದೂ ‘ಫಿಲ್ಮ್ ಇಂಡಿಯಾ’ದಲ್ಲಿಯೇ.

ಇನ್ನು ದೋಷಗಳು. ಅವನ್ನು ಮುಚ್ಚಿಟ್ಟರೆ ಬಾಬೂರಾಯರ ಚಿತ್ರ ಅರ್ಧವೇ ಆದೀತು. ಅವರ ಒಲವಿಗೂ ಮುನಿಸಿಗೂ ಮಿತಿಯಿರಲಿಲ್ಲ. ಪ್ರಭಾತ್ ಸಂಸ್ಥೆಯ ಶಾಂತಾರಾಮರನ್ನು ಒಂದು ಕಾಲದಲ್ಲಿ ಹಾಡಿ ಹೊಗಳಿದ ಲೇಖನಿಯೇ ಮುಂದೆ ಅವರನ್ನು ಕಟುವಾಗಿ ಚುಚ್ಚಿತು. ನಟಿಯರ ರೂಪವನ್ನು ಕುರಿತು ಅವರು ಬರೆದ ಎಷ್ಟೋ ಮಾತುಗಳನ್ನು ಇಂದು ಯಾವ ಸಭ್ಯ ಪತ್ರಿಕೆಯೂ ಅಚ್ಚುಹಾಕಲಾರದು. ಶಾಂತಾ ಆಪ್ಟೆಯವರು ರೇಗಿ, ಬೆತ್ತ ಹಿಡಿದು ಪತ್ರಿಕೆಯ ಕಚೇರಿಗೇ ನುಗ್ಗಿ ಸಂಪಾದಕರಿಗೆ ಎರಡು ಬಿಗಿದರು ಎಂಬ ಕಥೆಯನ್ನು ಚಿತ್ರರಂಗದ ಹಳಬರು ಚಪ್ಪರಿಸಿ ಹೇಳುತ್ತಿದ್ದರು. ಕಥೆಗೆ ಎಷ್ಟು ಉಪ್ಪುಖಾರ ಸೇರಿದೆಯೋ, ಆದರೆ ಕೇಳಿದವರಾರೂ ‘ಹಾಗಾಗಿರಲಿಕ್ಕಿಲ್ಲ’ ಎಂದದ್ದಿಲ್ಲ! ಉರ್ದು ಕಥೆಗಾರ ಮಂಟೋ ಕೂಡ ಬಾಬೂರಾಯರ ವ್ಯಕ್ತಿಚಿತ್ರ ಬರೆದಿದ್ದಾರೆ.

ಇಷ್ಟು ಪಕ್ಷಪಾತಿಯಾದವನು ಬರೆದದ್ದನ್ನು ಇತಿಹಾಸವೆಂದು ನಂಬುವುದು ಹೇಗೆ?

ಉತ್ತರ ಅವರ ವಿಮರ್ಶೆಯಲ್ಲಿಲ್ಲ, ವಿಮರ್ಶೆಯ ಪಕ್ಕದಲ್ಲಿದ್ದ ಒಂದು ಪುಟ್ಟ ಚೌಕಟ್ಟಿನಲ್ಲಿದೆ. ಪ್ರತಿಯೊಂದು ವಿಮರ್ಶೆಯ ಜೊತೆಗೂ ಸಣ್ಣ ಅಕ್ಷರಗಳಲ್ಲಿ ಒಂದು ವಿವರಪಟ್ಟಿ: ನಿರ್ಮಾಪಕರು, ಭಾಷೆ, ಕಥೆ, ಗೀತೆ, ಸಂಗೀತ, ಛಾಯಾಗ್ರಹಣ, ಶಬ್ದಗ್ರಹಣ, ಪಾತ್ರವರ್ಗ, ಬಿಡುಗಡೆಯ ತಾರೀಖು, ಚಿತ್ರಮಂದಿರ, ನಿರ್ದೇಶಕ. ಚಿತ್ರವನ್ನು ಕಸಕ್ಕಿಂತ ಕಡೆಯಾಗಿ ಹೀಗಳೆದಿದ್ದರೂ ಚೌಕಟ್ಟು ಮಾತ್ರ ತಪ್ಪುತ್ತಿರಲಿಲ್ಲ. ಬೈಗುಳಕ್ಕೆ ಬಾಬೂರಾಯರ ಮನಸ್ಸು ಕಾರಣ. ಚೌಕಟ್ಟಿಗೆ ಕಚೇರಿಯ ಶಿಸ್ತು ಕಾರಣ. ಇಂದು ನಮಗೆ ಉಪಕಾರವಾಗಿರುವುದು ಆ ಶಿಸ್ತು. ಬೆಲೆಯೆಷ್ಟೆಂದು ತಿಳಿಯಬೇಕಾದರೆ ಒಂದು ಲೆಕ್ಕ ನೋಡಿ. ಭಾರತದಲ್ಲಿ ತಯಾರಾದ ಮೂಕಿಚಿತ್ರಗಳು ಸುಮಾರು 1300. ಪೂರ್ಣವಾಗಿಯೋ ತುಣುಕಾಗಿಯೋ ಉಳಿದಿರುವುವು ಮೂವತ್ತಕ್ಕೂ ಕಡಿಮೆ. ‘ಆಲಂ ಆರಾ’ದ ಒಂದು ಪ್ರತಿಯೂ ಇಲ್ಲ. ಅಂದಿನ ನೈಟ್ರೇಟ್ ಸುರುಳಿ ಬೆಂಕಿಗೆ ಕರ್ಪೂರವಿದ್ದಂತೆ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪ್ರಾರಂಭವಾದದ್ದು 1964ರಲ್ಲಿ, ಪಿ. ಕೆ. ನಾಯರರು ಹಳ್ಳಿ ದಿಲ್ಲಿ ಸುತ್ತಿ ಡಬ್ಬಿಗಳನ್ನು ಹುಡುಕಿ ತರುವ ವೇಳೆಗಾಗಲೇ ಬಹುಪಾಲು ನಷ್ಟವಾಗಿಹೋಗಿತ್ತು. ಉಳಿದದ್ದರಲ್ಲಿಯೂ ಎಷ್ಟೋ ನೈಟ್ರೇಟ್ ಸುರುಳಿಗಳು 2003ರ ಜನವರಿಯಲ್ಲಿ ಪುಣೆಯಲ್ಲೇ ಬೆಂಕಿಗೆ ಆಹುತಿಯಾದುವು. ಹೀಗೆ ಚಿತ್ರವೇ ಮಾಯವಾದಾಗ, ಅದು ಇತ್ತೆಂಬುದಕ್ಕೆ ಸಾಕ್ಷಿ ಹೇಳಲು ಮಿಗುವುದು ಆ ಚೌಕಟ್ಟು, ಜಾಹೀರಾತು, ಒಂದೆರಡು ಛಾಯಾಚಿತ್ರ.

ಕನ್ನಡಿಗರಿಗೆ ಈ ಪತ್ರಿಕೆಯಲ್ಲಿ ಇನ್ನೊಂದು ಬಾಂಧವ್ಯವೂ ಉಂಟು. ಅದರ ಮುಖಪುಟಗಳಿಗೆ ಕುಂಚ ಹಿಡಿದವರಲ್ಲಿ ಪ್ರಮುಖರು ಎಸ್. ಎಂ. ಪಂಡಿತರು. 1916ರಲ್ಲಿ ಕಲಬುರಗಿಯಲ್ಲಿ ಜನಿಸಿದ ಈ ಕಲಾವಿದರು ಮುಂಬಯಿಗೆ ಹೋಗಿ, ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಅಭ್ಯಾಸ ಮಾಡಿ, ಹಾಲಿವುಡ್ ಚಿತ್ರಗಳ ಪ್ರಚಾರಫಲಕಗಳನ್ನು ಬರೆಯುತ್ತ ಕೈ ಪಳಗಿಸಿಕೊಂಡರು. ಮುಂದೆ ಮನೆಮನೆಯ ಕ್ಯಾಲೆಂಡರುಗಳಲ್ಲಿ ಪುರಾಣದೇವತೆಗಳಿಗೆ ಆ ಕಾಂತಿಯನ್ನು ಕೊಟ್ಟವರೂ ಅವರೇ. ಕಲಬುರಗಿಯ ರಂಗಮಂದಿರಕ್ಕೆ ಇಂದು ಅವರ ಹೆಸರಿದೆ. ಅಲ್ಲಿ ನಾಟಕ ನೋಡುವವರಲ್ಲಿ ಎಷ್ಟು ಮಂದಿಗೆ ‘ಫಿಲ್ಮ್ ಇಂಡಿಯಾ’ದ ನೆನಪಿದ್ದೀತು?

ಬಾಬೂರಾಯರ ಪತ್ನಿ ಸುಶೀಲಾರಾಣಿಯವರು ಕೊಂಕಣಿ ಮಾತನಾಡುವ ಸಾರಸ್ವತ ಮನೆತನದವರು. ತೋಂಬಟ್ ಎಂಬುದು ಅವರ ತವರಿನ ಹೆಸರು. ಮೋಗೂಬಾಯಿ ಕುರ್ಡೀಕರರಲ್ಲಿ ಸಂಗೀತ ಕಲಿತ ಉತ್ತಮ ಗಾಯಕಿ. ಪತಿಯ ನಿರ್ದೇಶನದಲ್ಲಿ ‘ದ್ರೌಪದಿ’ (1944), ‘ಗ್ವಾಲನ್’ (1946) ಚಿತ್ರಗಳಲ್ಲಿ ನಟಿಸಿದರು. ಊರಿನವರ ಚಿತ್ರಗಳನ್ನೆಲ್ಲ ಕೊಚ್ಚಿಹಾಕುತ್ತಿದ್ದ ಸಂಪಾದಕರ ಸ್ವಂತ ಚಿತ್ರಗಳು ಜಯಗಳಿಸಲಿಲ್ಲವೆಂದಾಗ ಮುಂಬಯಿಯಲ್ಲಿ ಎಷ್ಟು ಮಂದಿ ಸಿಹಿ ಹಂಚಿರಬಹುದೆಂದು ಓದುಗರೇ ಊಹಿಸಿಕೊಳ್ಳಲಿ. ಸುಶೀಲಾರಾಣಿಯವರು ಪತ್ರಿಕೆಯ ಕೆಲಸದಲ್ಲಿ ಪತಿಗೆ ಹೆಗಲೆಣೆಯಾಗಿ ದುಡಿದರು. ಪಾಲಿಹಿಲ್ಲಿನ ‘ಗಿರ್ನಾರ್’ ಮನೆಯಲ್ಲಿ ಆ ನೆನಪುಗಳನ್ನು ಕಾಯ್ದುಕೊಂಡಿದ್ದು 2014ರಲ್ಲಿ ತೀರಿಕೊಂಡರು.

1960ರ ದಶಕ ಕಾಲಿಡುತ್ತಿದ್ದಂತೆ ಬಾಬೂರಾಯರ ಮನಸ್ಸು ಚಿತ್ರಗಳಿಂದ ರಾಜಕೀಯಕ್ಕೆ ಪೂರ್ತಿಯಾಗಿ ಹೊರಳಿತು. ‘ಫಿಲ್ಮ್ ಇಂಡಿಯಾ’ ನಿಂತು ‘ಮದರ್ ಇಂಡಿಯಾ’ ಬಂದಿತು. 1967ರಲ್ಲಿ ಅವರು ಲೋಕಸಭೆಗೂ ಆರಿಸಿ ಬಂದರು. 1982ರಲ್ಲಿ ಕಾಲವಾದರು. ರದ್ದಿಯ ಅಂಗಡಿ ಸೇರಿದ ಸಂಚಿಕೆಗಳ ಗತಿಯೇನು? 1930ರ ದಶಕದ ಕೊನೆಯಿಂದ ಮುಂದಿನ ಹಲವು ಸಂಪುಟಗಳು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಗ್ರಂಥಾಲಯದಲ್ಲಿ ಜೋಪಾನವಾಗಿದ್ದುವು. ಅವುಗಳ ಪುಟಪುಟವನ್ನೂ ಯಂತ್ರದಿಂದ ಚಿತ್ರ ತೆಗೆದು ಈಗ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿದ್ದಾರೆ. ನಮ್ಮವರು ಸೇರಿಗೆ ಇಷ್ಟೆಂದು ತೂಗಿ ಮಾರಿದ್ದನ್ನು ಪರದೇಶದವರು ಕಪಾಟಿನಲ್ಲಿಟ್ಟು ಕಾಪಾಡಿದರು! ಹಾಗಾಗಿ ಹೊರವರ್ತುಲ ರಸ್ತೆಯಲ್ಲಿ ಬಸ್ಸು ನಿಂತಿರುವಾಗ ನಮ್ಮ ತರುಣನು ಮನಸ್ಸು ಮಾಡಿದರೆ ಹಾಡಿನ ಜೊತೆಗೆ ಬಾಬೂರಾಯರ ಬೈಗುಳವನ್ನೂ ಓದಬಹುದು.

ಹಿಂದೀ ಹಾಡುಗಳ ಪಾಲಿಗೆ ಇನ್ನೊಬ್ಬ ಉಪಕಾರಿ ದೊರೆತರು. ಕಾನ್ಪುರದ ಹರಮಂದಿರ್ ಸಿಂಗ್ ‘ಹಮ್‌ರಾಜ್’ ಎಂಬವರು ರೇಡಿಯೋ ಕೇಳುವ ಹವ್ಯಾಸದಿಂದ ಆರಂಭಿಸಿ, ವರುಷ ವರುಷದ ಚಿತ್ರಗಳನ್ನೂ ಗೀತೆಗಳನ್ನೂ ಪಟ್ಟಿಮಾಡಿ, 1980ರಿಂದ ‘ಹಿಂದೀ ಫಿಲ್ಮ್ ಗೀತ್ ಕೋಶ್’ ಎಂಬ ದಪ್ಪ ಸಂಪುಟಗಳನ್ನು ಹೊರತಂದರು. ಕನ್ನಡದ ಮಾತೆತ್ತಿದರೆ ಹೊಟ್ಟೆ ಚುರುಕ್ಕೆನ್ನುತ್ತದೆ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯನಾಯುಡು, ತ್ರಿಪುರಾಂಬ, ನಾಗೇಂದ್ರರಾಯರು ಅಭಿನಯಿಸಿದ್ದ ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ‘ಫಿಲ್ಮ್ ಇಂಡಿಯಾ’ ಹುಟ್ಟಿದ್ದು ಅದಾದ ಒಂದು ವರುಷಕ್ಕೆ.

ಚೌಕಟ್ಟು ಹೇಳದೆ ಬಿಟ್ಟದ್ದೂ ಬಹಳ. ‘ಛಾಯಾಗ್ರಹಣ’ ಎಂಬ ಪದದ ಮುಂದೆ ಒಂದೇ ಒಂದು ಹೆಸರು; ಆ ಹೆಸರಿನ ಹಿಂದಿನ ಮನುಷ್ಯನ ವಿಷಯ ತಿಳಿಯಬೇಕಾದರೆ ಯಾರಾದರೂ ಅವರ ಮನೆಯ ಬಾಗಿಲು ತಟ್ಟಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರ ಚಿತ್ರಗಳಿಗೆ ಬೆಳಕು ಹಿಡಿದ ವಿ. ಕೆ. ಮೂರ್ತಿಯವರು ನಮ್ಮ ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೇ ಫೂಲ್’ (1959) ಅವರ ಕೈಯದು. ವೃದ್ಧಾಪ್ಯದಲ್ಲಿ ಬೆಂಗಳೂರಿಗೇ ಬಂದು ನೆಲೆಸಿದರು. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. 2014ರಲ್ಲಿ ನಿಧನರಾದರು. ಅದೃಷ್ಟವಶಾತ್ ಅವರು ಬದುಕಿದ್ದಾಗಲೇ ಲೇಖಕಿ ಉಮಾ ರಾವ್ ಅವರ ಜೀವನವನ್ನು ಕನ್ನಡದಲ್ಲಿ ಬರೆದು ‘ಬಿಸಿಲು ಕೋಲು’ ಎಂದು ಹೆಸರಿಟ್ಟರು.

‘ಕಾಗಜ್ ಕೇ ಫೂಲ್’ನಲ್ಲಿ ಕತ್ತಲೆ ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಓರೆಯಾಗಿ ಒಂದು ಬೆಳಕಿನ ಕಂಬ ಇಳಿಯುತ್ತದೆ. ನೋಡಿದವರು ಮರೆಯಲಾರದ ದೃಶ್ಯ. ದೀಪಗಳಿಂದ ಅಷ್ಟು ನೇರವಾದ ಕಿರಣ ಬಾರದೆಂದು ತಿಳಿದ ಮೂರ್ತಿಯವರು ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿಯನ್ನು ನಿಲ್ಲಿಸಿ, ಒಳಗೆ ಎತ್ತರದಲ್ಲಿ ಇನ್ನೊಂದನ್ನು ಇಟ್ಟು, ಸೂರ್ಯನನ್ನೇ ಸ್ಟುಡಿಯೋದೊಳಕ್ಕೆ ಕರೆತಂದಿದ್ದರು.