ಓತಿಕ್ಯಾತ ತಲೆ ಆಡಿಸುವುದೇಕೆ?

ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂಥ ಊರುಗಳಲ್ಲಿ ಹೊಲದ ಬೇಲಿಗಳನ್ನು ಗಮನಿಸಿ. ಗೂಟದ ತುದಿಯಲ್ಲಿ ಕುಳಿತ ಓತಿಕ್ಯಾತದ ತಲೆ, ಕುತ್ತಿಗೆ, ಹೆಗಲು ಕೆಂಪೇರಿರುತ್ತವೆ. ಗಂಟಲಿನ ಪಕ್ಕದಲ್ಲಿ ಕಪ್ಪು ಮಚ್ಚೆ ಮೂಡಿರುತ್ತದೆ. ಗರಡಿಯಲ್ಲಿ ದಂಡ ಹೊಡೆಯುವವರಂತೆ ಅದು ಮುಂಗಾಲುಗಳ ಮೇಲೆ ಮೈಯನ್ನು ಏರಿಳಿಸುತ್ತದೆ, ತಲೆ ಆಡಿಸುತ್ತದೆ. ತಮ್ಮನ್ನು ಅಣಕಿಸುತ್ತಿದೆ ಎಂದೋ, ದೂರದಿಂದಲೇ ರಕ್ತ ಹೀರುತ್ತದೆ ಎಂದೋ ಹುಡುಗರು ಕಲ್ಲು ಬೀರುತ್ತಾರೆ. ಪಾಪ, ಅದು ತಿನ್ನುವುದು ಮುಖ್ಯವಾಗಿ ಕೀಟಗಳನ್ನು. ಆ ಕೆಂಪು ರಕ್ತವಲ್ಲ, ಸಂತಾನೋತ್ಪತ್ತಿ ಕಾಲದ ಗಂಡಿನ ಗುರುತು.

ಕ್ಯಾಲೋಟಿಸ್ ವರ್ಸಿಕಲರ್ ಎಂಬುದು ಇದರ ವೈಜ್ಞಾನಿಕ ಹೆಸರು. ನಮ್ಮ ಭಾಗದಲ್ಲಿ ಇದರ ಸಂತಾನೋತ್ಪತ್ತಿ ಸುಮಾರು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ತಲೆ ಆಡಿಸಿತೆಂದ ಮಾತ್ರಕ್ಕೆ ಅದು ಹೆಣ್ಣನ್ನು ಒಲಿಸುತ್ತಿದೆ ಎಂದು ತೀರ್ಮಾನಿಸುವಂತಿಲ್ಲ. ‘ಈ ಜಾಗ ನನ್ನದು’ ಎಂದು ಬೇರೆ ಗಂಡಿಗೆ ಸಾರುವುದಕ್ಕೂ ಅದೇ ಚಲನೆ ಬಳಕೆಯಾಗುತ್ತದೆ. ಎದುರಿಗಿರುವುದು ಯಾರು, ಅದು ಏನು ಮಾಡಿತು ಎಂಬುದನ್ನು ನೋಡಿಯೇ ಅರ್ಥ ಹೇಳಬೇಕು. ಎರಡು ಗಂಡುಗಳು ಎದುರಾದರೆ ಮೈಯನ್ನು ಪಕ್ಕದಿಂದ ಚಪ್ಪಟೆಯಾಗಿಸಿ ದೊಡ್ಡದಾಗಿ ತೋರಿಸುತ್ತವೆ, ಬಾಯಿ ತೆರೆಯುತ್ತವೆ, ಒಂದು ಓಡುವವರೆಗೆ ಬೆನ್ನಟ್ಟುತ್ತವೆ. ಹೆಣ್ಣಿನ ಮುಂದಾದರೆ ಗಂಡು ಗಂಟಲ ಚೀಲ ಉಬ್ಬಿಸಿ, ತಲೆ ಆಡಿಸುತ್ತಾ ಹತ್ತಿರ ಸರಿಯುತ್ತದೆ. ಒಪ್ಪದ ಹೆಣ್ಣು ಓಡಿಹೋಗುತ್ತದೆ. ಒಪ್ಪಿದರೆ ನಿಂತಲ್ಲೇ ನಿಲ್ಲುತ್ತದೆ. ಆಗ ಗಂಡು ಅದರ ಕತ್ತನ್ನು ಬಾಯಿಂದ ಹಿಡಿದು ಕೂಡುತ್ತದೆ. ಇದನ್ನು ಜಗಳವೆಂದು ತಿಳಿದು ಬಿಡಿಸಲು ಹೋಗುವವರೂ ಇದ್ದಾರೆ!

ನಗರಗಳಲ್ಲಿ ಕೆಲವರು ಸಾಕುವ ಆಸ್ಟ್ರೇಲಿಯಾ ಮೂಲದ ಗಡ್ಡದ ಓತಿಯಲ್ಲೂ ಹೀಗೆಯೇ. ಗಂಡಿನ ಗಡ್ಡ ಕಪ್ಪಾಗುತ್ತದೆ, ತಲೆ ಜೋರಾಗಿ ಆಡುತ್ತದೆ. ಎದುರಿನದು ಮುಂಗಾಲನ್ನು ನಿಧಾನವಾಗಿ ಬೀಸಿದರೆ ಅದು ಶರಣಾಗತಿಯ ಸೂಚನೆ. ಬೇಲಿಯ ಮೇಲಿನ ಓತಿಗೆ ಓಡಲು ಜಾಗವಿದೆ, ಪಂಜರದ ಓತಿಗೆ ಇಲ್ಲ. ಸೋತದ್ದು ಮೈಬಣ್ಣ ಮಂಕಾಗಿ, ಆಹಾರ ಬಿಟ್ಟು ಮೂಲೆ ಸೇರಿದರೆ ಎರಡನ್ನೂ ಕೂಡಲೇ ಬೇರ್ಪಡಿಸಬೇಕು.

ಗರ್ಭ ಧರಿಸಿದ ಹೆಣ್ಣಿನ ಲಕ್ಷಣಗಳು ಇನ್ನೂ ಮುಖ್ಯ. ಹೊಟ್ಟೆಯ ಎರಡೂ ಪಕ್ಕ ಉಬ್ಬುತ್ತವೆ. ಮೊಟ್ಟೆ ಇಡುವ ಸಮಯ ಬಂದಾಗ ಓತಿಕ್ಯಾತ ನೆಲಕ್ಕಿಳಿದು, ಹಸಿ ಮಣ್ಣು ಹುಡುಕಿ, ಮುಂಗಾಲುಗಳಿಂದ ಗುಂಡಿ ತೋಡುತ್ತದೆ. ಹತ್ತಿಪ್ಪತ್ತು ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಹೊರಟುಬಿಡುತ್ತದೆ. ಆಮೇಲೆ ತಾಯಿಯ ಆರೈಕೆಯಿಲ್ಲ.

ತಕ್ಕ ಜಾಗ ಸಿಗದಿದ್ದರೆ? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಡ್ಡರ, ಶಾನಭಾಗ ಮತ್ತು ಸೈದಾಪುರ ಅವರು ಕೂಡಿಟ್ಟ ಓತಿಕ್ಯಾತಗಳಲ್ಲಿ ಇದನ್ನೇ ಅಧ್ಯಯನ ಮಾಡಿ 1998ರಲ್ಲಿ ವರದಿ ಮಾಡಿದರು. ಹೆಣ್ಣು ಮೊಟ್ಟೆಗಳನ್ನು ಅಂಡನಾಳದಲ್ಲೇ ಹೆಚ್ಚು ಕಾಲ ಉಳಿಸಿಕೊಂಡಿತು. ಒಳಗಿನ ಭ್ರೂಣಗಳು 34ನೆಯ ಹಂತದವರೆಗೆ ಬೆಳೆದು ಅಲ್ಲಿಗೇ ನಿಂತವು. ಮಳೆ ತಡವಾದ ವರ್ಷ ಇಂಥ ಕಾಯುವಿಕೆ ಉಪಯೋಗಕ್ಕೆ ಬರಬಹುದು. ಆದರೆ ಅದಕ್ಕೊಂದು ಮಿತಿಯಿದೆ. ಸಾಕಿದ ಹಲ್ಲಿಜಾತಿಗಳಲ್ಲಿ ಮೊಟ್ಟೆ ಹೊರಬರದೆ ಸಿಕ್ಕಿಕೊಂಡು ತಾಯಿ ಸಾಯುವುದು ಅಪರೂಪವೇನಲ್ಲ. ಪಂಜರದ ಹೆಣ್ಣು ಮೇವು ಬಿಟ್ಟು ಮೂಲೆಮೂಲೆ ಕೆರೆಯುತ್ತಿದ್ದರೆ ಅದು ಚೇಷ್ಟೆಯಲ್ಲ. ಅದಕ್ಕೆ ಮೈ ಮುಳುಗುವಷ್ಟು ಆಳದ ಹಸಿ ಮರಳು-ಮಣ್ಣಿನ ಪೆಟ್ಟಿಗೆ ಬೇಕು. ಗಂಡು ಜೊತೆಯಲ್ಲಿಲ್ಲದಿದ್ದರೂ ಅದು ಫಲಿಸದ ಮೊಟ್ಟೆ ಇಡಬಹುದು. ಕೆರೆದು ಕೆರೆದು ಸೋತು ನಿಸ್ತೇಜವಾದರೆ ಪಶುವೈದ್ಯರಲ್ಲಿಗೆ ಒಯ್ಯಲು ತಡಮಾಡಬಾರದು.

ಶಾಲೆಯ ಅಧ್ಯಯನಕ್ಕೆ ಓತಿಕ್ಯಾತವನ್ನು ಹಿಡಿಯುವ ಅಗತ್ಯವೇ ಇಲ್ಲ. ಉಡವಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ, ಮುಟ್ಟುವಂತೆಯೇ ಇಲ್ಲ. ನಾಲ್ಕೈದು ಮೀಟರ್ ದೂರ ನಿಂತು ಒಂದೇ ಗೂಟದ ಓತಿಯನ್ನು ದಿನವೂ ಒಂದೇ ಹೊತ್ತಿನಲ್ಲಿ ನೋಡಿ, ಅದರ ಬಣ್ಣ, ತಲೆ ಆಡಿಸಿದ ಸಲ, ಎದುರಿಗಿದ್ದ ಓತಿಯ ಪ್ರತಿಕ್ರಿಯೆ ಇಷ್ಟನ್ನು ವಿದ್ಯಾರ್ಥಿಗಳು ಬರೆದಿಟ್ಟರೆ ಸಾಕು.