ಕನ್ನಡದ ಒಂದು 'ಅಲ್ಲಿ', ಇಂಗ್ಲಿಷಿನ ಮೂರು ಪದ

ಬಿಕಾಂ ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಅಜ್ಜಿಯ ಬ್ಲಡ್ ರಿಪೋರ್ಟ್ ತರೋಕೆ ಹೋದವನು ಮ್ಯಾನೇಜರ್‌ಗೆ 'ಐ ಆ್ಯಮ್ ಇನ್ ಹಾಸ್ಪಿಟಲ್' ಅಂತ ಮೆಸೇಜ್ ಹಾಕಿದೆ. ತಕ್ಷಣ ಫೋನ್ ಬಂತು: "ಏನಾಯ್ತಪ್ಪ? ಯಾವ ವಾರ್ಡು?"

ಬ್ರಿಟಿಷ್ ಇಂಗ್ಲಿಷಲ್ಲಿ 'ದ' ಇಲ್ಲದ 'ಇನ್ ಹಾಸ್ಪಿಟಲ್' ಅಂದ್ರೆ ಅಡ್ಮಿಟ್ ಆಗಿದ್ದೀನಿ ಅಂತ. ನಾನು ಬರೀಬೇಕಿದ್ದದ್ದು 'ಆ್ಯಟ್ ದ ಹಾಸ್ಪಿಟಲ್'.

ನಮಗೆ ಆಸ್ಪತ್ರೆಯಲ್ಲಿ, ರೂಮಲ್ಲಿ, ಬಸ್‌ಸ್ಟಾಪಲ್ಲಿ, ಎಲ್ಲಕ್ಕೂ 'ಅಲ್ಲಿ' ಸಾಕು, ಅದೂ ಹೆಸರಿನ ಕೊನೆಗೆ. ಇಂಗ್ಲಿಷಲ್ಲಿ ಹೆಸರಿಗೆ ಮೊದಲೇ ಬರುತ್ತೆ. ಒಳಗಿದ್ರೆ 'ಇನ್ ದ ರೂಮ್', ಮೇಲಿದ್ರೆ 'ಆನ್ ದ ಟೇಬಲ್', ಜಾಗದ ಗುರುತು ಮಾತ್ರ ಹೇಳೋದಾದ್ರೆ 'ಆ್ಯಟ್ ದ ಬಸ್‌ಸ್ಟಾಪ್'. ಕಾರಿಗೆ 'ಇನ್', ಬಸ್ಸಿಗೆ ಸಾಮಾನ್ಯವಾಗಿ 'ಆನ್'. ಇಂಥವನ್ನ ಜೋಡಿಯಾಗೇ ಬಾಯಿಪಾಠ ಮಾಡ್ಕೊಳ್ಳಿ.

ಮುಂದಿನ ಸಲ ರಜೆ ಕೇಳೋ ಮೊದಲು ಆ ಪುಟ್ಟ 'ದ' ಇದೆಯಾ ನೋಡ್ಕೊಳ್ಳಿ. ಸಿಗೋಣ.