ಸರ್ವರ್ ಬದಲಾದ ಮರುದಿನ ಡೊಮೇನ್ ಕಾಣೆಯಾಗುವುದೇಕೆ?

ಚಂದಕವಾಡಿ (ಚಾಮರಾಜನಗರ): ಇಲ್ಲಿನ ನಾಡಕಚೇರಿಗೆ ಬರುವ ರೈತರಿಗೆ ಪೌತಿ ಖಾತೆಯ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಮೀನಿನ ಒಡೆಯ ತೀರಿಕೊಂಡ ನಂತರವೂ ಪಹಣಿಯಲ್ಲಿ ಅವರ ಹೆಸರೇ ಉಳಿದಿದ್ದರೆ, ಉಳುವವರು ಯಾರೇ ಆಗಿರಲಿ, ಸಾಲವೂ ಸಲೀಸಾಗಿ ಸಿಗದು, ಮಾರಾಟವೂ ಸಲೀಸಾಗಿ ಆಗದು. ಸಣ್ಣ ಉದ್ಯಮಗಳ ಗಣಕ ಕೊಠಡಿಯಲ್ಲಿಯೂ ಇಂಥದೇ ಒಂದು ದಾಖಲೆ ಪುಸ್ತಕವಿದೆ. ಮೈಕ್ರೋಸಾಫ್ಟ್ ಇದನ್ನು ವಿಂಡೋಸ್ 2000ದೊಂದಿಗೆ ಪರಿಚಯಿಸಿತು. ಅದರ ಹೆಸರು ಆಕ್ಟಿವ್ ಡೈರೆಕ್ಟರಿ. ನೌಕರರು ಯಾರು, ಅವರ ಪಾಸ್‌ವರ್ಡ್ ಯಾವುದು, ಯಾವ ಕಡತವನ್ನು ಯಾರು ತೆರೆಯಬಹುದು, ಯಾವ ಪ್ರಿಂಟರ್ ಯಾರಿಗೆ ಎಂಬುದೆಲ್ಲ ಈ ಡೈರೆಕ್ಟರಿಯ ಮೇಲೆಯೇ ನಿಂತಿದೆ. ಹಳೆಯ ಸರ್ವರ್ ತೆಗೆದು ಹೊಸದನ್ನು ಕೂರಿಸುವಾಗ ಈ ಪುಸ್ತಕದ ಖಾತೆ ಬದಲಾವಣೆ ಸರಿಯಾಗಿ ನಡೆಯದಿದ್ದರೆ ಕಚೇರಿಯ ಕೆಲಸವೇ ನಿಲ್ಲುತ್ತದೆ.

ಚಾಮರಾಜನಗರದ ಅರಿಶಿನ ವ್ಯಾಪಾರಿಯೊಬ್ಬರದೋ ಕರಿಕಲ್ಲು ಘಟಕವೊಂದರದೋ ಇಪ್ಪತ್ತು ಗಣಕಗಳ ಕಚೇರಿ ಎಂದಿಟ್ಟುಕೊಳ್ಳಿ. ಭಾನುವಾರ ಹೊಸ ಸರ್ವರ್ ಜೋಡಿಸಿ, ಹಳೆಯದನ್ನು ಆರಿಸಲಾಗಿದೆ. ಸೋಮವಾರ ಬೆಳಿಗ್ಗೆ ಕೆಲವರಿಗೆ ಲಾಗಿನ್ ಆಗುತ್ತದೆ, ಕೆಲವರಿಗೆ ಡೊಮೇನ್ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಲಾಗಿನ್ ಆದವರಿಗೂ ಬಿಲ್ಲಿನ ಕಡತ ತೆರೆಯುವುದಿಲ್ಲ. 'ಅರ್ಧ ಸರಿಯಿದೆಯಲ್ಲ' ಎಂದು ಸಮಾಧಾನಪಡುವಂತಿಲ್ಲ. ಹಿಂದೆ ಯಶಸ್ವಿಯಾದ ಲಾಗಿನ್‌ಗಳ ಗುರುತನ್ನು ವಿಂಡೋಸ್ ಗಣಕವು ತನ್ನಲ್ಲೇ ಉಳಿಸಿಕೊಂಡಿರುತ್ತದೆ. ಸರ್ವರ್ ಇಲ್ಲದಿದ್ದಾಗ ಆ ನೆನಪಿನ ಬಲದಿಂದಲೇ ಒಳಗೆ ಬಿಡುತ್ತದೆ. ಅಂದರೆ ಆ ದಿನ ಹೊಸ ಸರ್ವರ್ ಯಾರನ್ನೂ ಗುರುತಿಸಿರಲಿಕ್ಕಿಲ್ಲ.

ಒಂದೇ ಪೆಟ್ಟಿಗೆಯ ಕಾಲ

ಇಂಥ ಕಚೇರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಸ್ಮಾಲ್ ಬಿಸಿನೆಸ್ ಸರ್ವರ್. ಡೈರೆಕ್ಟರಿ, ಇ-ಮೇಲ್, ಕಡತ ಸಂಗ್ರಹ ಎಲ್ಲವೂ ಒಂದೇ ಯಂತ್ರದಲ್ಲಿ, 75 ಬಳಕೆದಾರರವರೆಗೆ. 2003, 2008ರ ಆವೃತ್ತಿಗಳ ನಂತರ ಬಂದ 2011ರ ಆವೃತ್ತಿಯೇ ಈ ಸಾಲಿನ ಕೊನೆಯದು. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಭದ್ರತಾ ತಿದ್ದುಪಡಿಗಳಿಲ್ಲದ ಸರ್ವರ್ ಅನ್ನು ಅಂತರ್ಜಾಲಕ್ಕೆ ತೆರೆದಿಡುವುದು ಅಪಾಯಕಾರಿ. ಆದ್ದರಿಂದ ಸ್ಥಳಾಂತರ ಅನಿವಾರ್ಯವೇ. ತೊಂದರೆಯಿರುವುದು ಅದನ್ನು ಒಂದು ಭಾನುವಾರದಲ್ಲಿ ಮುಗಿಸಿಬಿಡುವ ಅವಸರದಲ್ಲಿ.

ಮೊದಲು ನೋಡಬೇಕಾದದ್ದು ವಿಳಾಸ

ಡೈರೆಕ್ಟರಿಯ ದೋಷವೆಂದು ಕಾಣುವ ಹೆಚ್ಚಿನವು ವಾಸ್ತವವಾಗಿ ಡಿಎನ್‌ಎಸ್ ದೋಷಗಳು. ಗಣಕವು ತನ್ನ ಸರ್ವರ್ ಎಲ್ಲಿದೆ ಎಂದು ಡಿಎನ್‌ಎಸ್ ಅನ್ನು ಕೇಳಿ ತಿಳಿಯುತ್ತದೆ. ಹಳೆಯ ಸರ್ವರ್ ಇದ್ದಾಗ ಗಣಕಗಳಿಗೆ ವಿಳಾಸ ಹಂಚುವ ಕೆಲಸವನ್ನೂ ಸಾಮಾನ್ಯವಾಗಿ ಅದೇ ಮಾಡುತ್ತಿತ್ತು. ಅದನ್ನು ಆರಿಸಿದೊಡನೆ ಆ ಕೆಲಸ ಬ್ರಾಡ್‌ಬ್ಯಾಂಡ್ ರೂಟರ್‌ನ ಪಾಲಾಗುತ್ತದೆ. ರೂಟರ್ ಹೊರಗಿನ ಡಿಎನ್‌ಎಸ್ ವಿಳಾಸ ಕೊಡುತ್ತದೆ. ಊರಾಚೆಯ ಅಂಚೆ ಕಚೇರಿಯಲ್ಲಿ ನಮ್ಮ ಬೀದಿಯ ಮನೆ ಕೇಳಿದಂತೆ ಇದು. ಅಂತರ್ಜಾಲ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಡೊಮೇನ್ ಮಾತ್ರ ಸಿಗುವುದಿಲ್ಲ.

ಪ್ರತಿ ಗಣಕದ ಡಿಎನ್‌ಎಸ್ ವಿಳಾಸವಾಗಿ ಕಚೇರಿಯ ಹೊಸ ಸರ್ವರ್ ಮಾತ್ರ ಇರಬೇಕು. ಸುರಕ್ಷತೆಗಿರಲಿ ಎಂದು ಎರಡನೆಯ ಸಾಲಿನಲ್ಲಿ 8.8.8.8 ಬರೆಯುವ ಅಭ್ಯಾಸ ವ್ಯಾಪಕವಾಗಿದೆ. ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು ಎಂಬ ಕಾಡುವ ದೋಷಕ್ಕೆ ಮೂಲ ಅನೇಕ ಬಾರಿ ಅಲ್ಲಿಯೇ ಇರುತ್ತದೆ. ಹೊರಗಿನ ಹೆಸರುಗಳನ್ನು ಹುಡುಕುವ ಕೆಲಸವನ್ನು ಸರ್ವರ್ ತಾನೇ ಮುಂದಕ್ಕೆ ಕಳುಹಿಸುವಂತೆ ಹೊಂದಿಸಬೇಕೇ ಹೊರತು ಗಣಕಗಳಲ್ಲಿ ಅಲ್ಲ.

ಗಡಿಯಾರವನ್ನೂ ಒಮ್ಮೆ ನೋಡುವುದು ಲೇಸು. ಗಣಕಕ್ಕೂ ಸರ್ವರ್‌ಗೂ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಕರ್ಬೆರೋಸ್ ಎಂಬ ಗುರುತು ಪರೀಕ್ಷೆಯ ವಿಧಾನ ಪ್ರವೇಶ ನಿರಾಕರಿಸುತ್ತದೆ.

ಹಂಚಿಕೆಯಾಗದ ಕಡತಕೋಶ

ಎಲ್ಲಕ್ಕಿಂತ ದುಬಾರಿಯಾಗುವ ದೋಷ ಬೇರೆಯೇ ಇದೆ. ಡೈರೆಕ್ಟರಿಯ ಜೊತೆಗೆ ಸಿಸ್‌ವಾಲ್ ಎಂಬ ಕಡತಕೋಶವೊಂದಿರುತ್ತದೆ. ಕಚೇರಿಯ ನಿಯಮಗಳು, ಲಾಗಿನ್ ವೇಳೆ ಓಡುವ ಸ್ಕ್ರಿಪ್ಟ್‌ಗಳು ಇರುವುದು ಅಲ್ಲಿ. ಇದರ ಪ್ರತಿ ಹೊಸ ಸರ್ವರ್‌ಗೆ ಬಂದು ತಲುಪುವ ತನಕ ಅದು ತನ್ನನ್ನು ಡೊಮೇನ್ ನಿಯಂತ್ರಕವೆಂದು ಘೋಷಿಸಿಕೊಳ್ಳುವುದಿಲ್ಲ. ಬಳಕೆದಾರರ ಪಟ್ಟಿ ಹೊಸ ಸರ್ವರ್‌ನಲ್ಲಿ ಪೂರ್ತಿ ಕಾಣುತ್ತದೆ. ನೋಡಿದವರು ಕೆಲಸ ಮುಗಿಯಿತೆಂದೇ ತಿಳಿಯುತ್ತಾರೆ. ಹಳೆಯದನ್ನು ಆರಿಸಿದ ಕ್ಷಣ ಡೊಮೇನ್ ಮಾಯ.

ಕಾರಣ ಹಳೆಯ ಯಂತ್ರದಲ್ಲಿ ವರ್ಷಗಳ ಹಿಂದೆಯೇ ಹುಟ್ಟಿರಬಹುದು. ವಿದ್ಯುತ್ ಹಠಾತ್ತನೆ ಕೈಕೊಟ್ಟು ಸರ್ವರ್ ನಿಂತಾಗ, ನಕಲು ಮಾಡುವ ಎಫ್‌ಆರ್‌ಎಸ್ ಸೇವೆಯ ಲೆಕ್ಕ ತಪ್ಪಬಹುದು. ಒಂದೇ ಸರ್ವರ್ ಇದ್ದ ಕಚೇರಿಯಲ್ಲಿ ನಕಲು ಕಳುಹಿಸಲು ಇನ್ನೊಬ್ಬರಿಲ್ಲ, ಆದ್ದರಿಂದ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಸರ್ವರ್‌ನ ಈವೆಂಟ್ ದಾಖಲೆಯಲ್ಲಿ 13568 ಎಂಬ ಸಂಖ್ಯೆ ಕಂಡರೆ ರೋಗ ಇದೇ.

ಅಪಾಯವಿರುವುದು ಚಿಕಿತ್ಸೆಯಲ್ಲಿ. ಆ ದೋಷ ಸಂದೇಶವೇ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಬದಲಿಸುವಂತೆ ಸೂಚಿಸುತ್ತದೆ. ಇನ್ನೊಂದು ಸರ್ವರ್‌ನಲ್ಲಿ ಒಳ್ಳೆಯ ಪ್ರತಿ ಇದೆ ಎಂದು ಭಾವಿಸಿ ಕೊಟ್ಟ ಸಲಹೆ ಅದು. ಒಂಟಿ ಸರ್ವರ್‌ನಲ್ಲಿ ಹಾಗೆ ಮಾಡಿದರೆ ಇರುವ ಕಡತಗಳನ್ನು ಪಕ್ಕಕ್ಕೆ ಸರಿಸಿ, ಎಂದೂ ಬಾರದ ಪ್ರತಿಗಾಗಿ ಅದು ಕಾಯುತ್ತ ಕೂರುತ್ತದೆ. ಸರಿಯಾದ ಕ್ರಮ ಬೇರೆ: ಸಿಸ್‌ವಾಲ್‌ನ ಒಂದು ಪ್ರತಿಯನ್ನು ಬೇರೆಡೆ ತೆಗೆದಿರಿಸಿ, ಎರಡೂ ಸರ್ವರ್‌ಗಳಲ್ಲಿ ಎಫ್‌ಆರ್‌ಎಸ್ ಸೇವೆ ನಿಲ್ಲಿಸಬೇಕು. ಬರ್‌ಫ್ಲಾಗ್ಸ್ ಎಂಬ ಮೌಲ್ಯವನ್ನು ಹಳೆಯದರಲ್ಲಿ ಡಿ4, ಹೊಸದರಲ್ಲಿ ಡಿ2 ಎಂದು ಬರೆದು, ಹಳೆಯದನ್ನು ಮೊದಲು ಚಾಲೂ ಮಾಡಬೇಕು. ಡಿ4 ಎಂದರೆ 'ನನ್ನದೇ ಮೂಲ ಪ್ರತಿ', ಡಿ2 ಎಂದರೆ 'ಬೇರೆಯವರಿಂದ ಪಡೆಯುತ್ತೇನೆ'. ಇವೆರಡು ಅದಲುಬದಲಾದರೆ ಖಾಲಿ ಕಡತಕೋಶವೇ ಮೂಲವಾಗಿಬಿಡುತ್ತದೆ! ಹೊಸ ಸರ್ವರ್‌ನಲ್ಲಿ 13516 ಸಂಖ್ಯೆಯ ಈವೆಂಟ್ ಕಂಡು, 'ನೆಟ್ ಶೇರ್' ಆದೇಶಕ್ಕೆ ಸಿಸ್‌ವಾಲ್ ಮತ್ತು ನೆಟ್‌ಲಾಗನ್ ಎರಡೂ ತೋರಿದರೆ ಗೆದ್ದಂತೆ.

ವಿಂಡೋಸ್ ಸರ್ವರ್ 2019ಕ್ಕೆ ಹೋಗುವವರು ಇನ್ನೊಂದು ಅಡ್ಡಿಯನ್ನು ಗಮನಿಸಬೇಕು. ಎಫ್‌ಆರ್‌ಎಸ್ ಬಳಸುತ್ತಿರುವ ಡೊಮೇನ್‌ಗೆ ಅದು ನಿಯಂತ್ರಕವಾಗಿ ಸೇರುವುದೇ ಇಲ್ಲ. ಮೊದಲು ಡಿಎಫ್‌ಎಸ್‌ಆರ್ ಎಂಬ ಹೊಸ ವಿಧಾನಕ್ಕೆ ಬದಲಾಗಬೇಕು. 2003ರ ಸರ್ವರ್‌ನಿಂದ ನೇರ ಜಿಗಿತ ಸಾಧ್ಯವಿಲ್ಲ, ನಡುವೆ ಇನ್ನೊಂದು ಆವೃತ್ತಿಯ ಮೆಟ್ಟಿಲು ಬೇಕು.

ಐದು ಹೊಣೆಗಳು ಮತ್ತು ಪೌತಿ ಖಾತೆ

ಡೊಮೇನ್‌ನಲ್ಲಿ ಒಬ್ಬರೇ ವಹಿಸಬೇಕಾದ ಐದು ವಿಶೇಷ ಹೊಣೆಗಳಿವೆ. ಸ್ಮಾಲ್ ಬಿಸಿನೆಸ್ ಸರ್ವರ್‌ನ ಪರವಾನಗಿಯ ಪ್ರಕಾರ ಐದೂ ಅದರ ಬಳಿಯೇ ಇರಬೇಕು. ಹೊಸ ಸರ್ವರ್‌ಗೆ ವರ್ಗಾಯಿಸಿದ ಮೇಲೆ ಹಳೆಯದಕ್ಕೆ ಸಾಮಾನ್ಯವಾಗಿ 21 ದಿನಗಳ ರಿಯಾಯಿತಿ. ನಂತರ ಅದು ಆಗಾಗ ತಾನಾಗಿ ನಿಲ್ಲತೊಡಗುತ್ತದೆ. ಯಂತ್ರ ಕೆಟ್ಟಿತೆಂದು ಬಿಡಿಭಾಗ ಬದಲಿಸುವ ಮುನ್ನ 'ನೆಟ್‌ಡಮ್ ಕ್ವೆರಿ ಎಫ್‌ಎಸ್‌ಎಂಒ' ಆದೇಶ ನೀಡಿ ಹೊಣೆಗಳು ಯಾರ ಬಳಿ ಇವೆ ಎಂದು ನೋಡಬಹುದು.

ಹಳೆಯ ಸರ್ವರ್ ಅನ್ನು ವಿಧಿವತ್ತಾಗಿ ನಿಯಂತ್ರಕ ಸ್ಥಾನದಿಂದ ಇಳಿಸಬೇಕು. ಅದಕ್ಕೂ ಮುನ್ನ ಅದರಲ್ಲಿನ ಎಕ್ಸ್‌ಚೇಂಜ್ ಇ-ಮೇಲ್ ತಂತ್ರಾಂಶ, ಪ್ರಮಾಣಪತ್ರ ಸೇವೆ ಎರಡನ್ನೂ ತೆಗೆದಿರಬೇಕು. ಹಾಗೆ ಮಾಡದೆ ಸುಮ್ಮನೆ ತಂತಿ ಕಿತ್ತರೆ, ಹಿಂದೆ ಹೇಳಿದ ಪಹಣಿಯ ಕಥೆಯೇ ಇಲ್ಲಿಯೂ. ಇಲ್ಲದ ಸರ್ವರ್‌ನ ಹೆಸರು ಡೈರೆಕ್ಟರಿಯಲ್ಲಿ, ಡಿಎನ್‌ಎಸ್‌ನಲ್ಲಿ ಉಳಿದು ಗಣಕಗಳು ಅದನ್ನೇ ಹುಡುಕುತ್ತಿರುತ್ತವೆ. ಸತ್ತ ಸರ್ವರ್‌ನ ದಾಖಲೆ ಅಳಿಸುವ ಈ ಕೆಲಸಕ್ಕೆ ಮೆಟಾಡೇಟಾ ಕ್ಲೀನಪ್ ಎಂದು ಹೆಸರು. 2008ರ ನಂತರದ ಆವೃತ್ತಿಗಳಲ್ಲಿ ಬಳಕೆದಾರರ ಪಟ್ಟಿಯ ಪರದೆಯಿಂದಲೇ ಹಳೆಯ ನಿಯಂತ್ರಕವನ್ನು ಅಳಿಸಬಹುದಾದರೂ, ಡಿಎನ್‌ಎಸ್‌ನಲ್ಲಿ ಉಳಿದ ಚೂರುಗಳನ್ನು ಕೈಯಾರೆ ಹೆಕ್ಕಬೇಕಾಗುತ್ತದೆ. ಹೊಣೆಗಳನ್ನು ಬಲವಂತವಾಗಿ ಕಿತ್ತುಕೊಂಡಿದ್ದರೆ ಆ ಹಳೆಯ ಯಂತ್ರವನ್ನು ಮತ್ತೆ ಜಾಲಕ್ಕೆ ಜೋಡಿಸಕೂಡದು.

ಹೊಸ ಡೊಮೇನ್ ಎಂಬ ಅಡ್ಡದಾರಿ

ದೋಷ ಬಗೆಹರಿಯದಾಗ ಕೆಲವು ತಂತ್ರಜ್ಞರು ಅದೇ ಹೆಸರಿನ ಹೊಸ ಡೊಮೇನ್ ಕಟ್ಟಲು ಮುಂದಾಗುವುದುಂಟು. ಮಾಲೀಕರು ಇದಕ್ಕೆ ಒಪ್ಪುವ ಮುನ್ನ ಯೋಚಿಸಬೇಕು. ವಿಂಡೋಸ್ ವ್ಯಕ್ತಿಗಳನ್ನು ಹೆಸರಿನಿಂದಲ್ಲ, ಒಳಗಿನ ಒಂದು ಗುರುತು ಸಂಖ್ಯೆಯಿಂದ ಬಲ್ಲದು. ಹೊಸ ಡೊಮೇನ್‌ನಲ್ಲಿ ಹೆಸರು ಅದೇ ಇದ್ದರೂ ಸಂಖ್ಯೆ ಬೇರೆ. ಕಡತಗಳ ಮೇಲಿನ ಹಕ್ಕುಗಳೆಲ್ಲ ಅರ್ಥ ಕಳೆದುಕೊಳ್ಳುತ್ತವೆ, ಪ್ರತಿಯೊಬ್ಬರಿಗೂ ಖಾಲಿ ಡೆಸ್ಕ್‌ಟಾಪ್ ತೆರೆಯುತ್ತದೆ. ಅರ್ಧ ದಿನದ ದುರಸ್ತಿಗೆ ಬದಲು ವಾರದ ಕೆಲಸ.

ಸ್ಥಳಾಂತರವಾದ ಮೇಲೆ 'ಡಿಸಿಡಯಾಗ್' ಪರೀಕ್ಷೆ ದೋಷರಹಿತವಾಗಿ ಬಂದರೂ ಹಳೆಯ ಸರ್ವರ್ ಅನ್ನು ಕೂಡಲೇ ಗುಜರಿಗೆ ಹಾಕುವುದು ಬೇಡ. ಸ್ಥಾನದಿಂದ ಇಳಿಸುವ ಮುನ್ನ ಎರಡು ಕೆಲಸದ ದಿನ ಅದನ್ನು ಆರಿಸಿಟ್ಟು, ಕಚೇರಿ ಎಂದಿನಂತೆ ನಡೆಯುತ್ತದೆಯೇ ಎಂದು ಗಮನಿಸುವುದು ಕ್ಷೇಮ. ಆ ಎರಡು ದಿನಗಳು ಸಂಬಳದ ದಿನವೂ ಜಿಎಸ್‌ಟಿ ವಿವರ ಸಲ್ಲಿಕೆಯ ಕೊನೆಯ ದಿನವೂ ಆಗಿರದಂತೆ ನೋಡಿಕೊಳ್ಳಬೇಕು.